ನೀರಿನಂತಿದೆ, ನೀರಲ್ಲ!

ಘಟಪ್ರಭೆಯ ನೀರುಂಡ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿಗೆ ಹನಿ ನೀರಾವರಿ ಮಾಡಿದವರ ಮನೆಗೆ ಫಾಸ್ಫಾರಿಕ್ ಆಮ್ಲದ ಕ್ಯಾನು ಬಂದೀತು. ಪೈಪಿನ ತೂತಿಗೆ ಕಟ್ಟಿದ ಸುಣ್ಣ ಕರಗಿಸುತ್ತದೆ, ಬೆಳೆಗೆ ರಂಜಕವನ್ನೂ ಕೊಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ತಿಳಿಯಾಗಿಸಲೂ ಇದನ್ನು ಬಳಸುತ್ತಾರೆ. ಮಕ್ಕಳು ಹಟ ಮಾಡಿ ಕುಡಿಯುವ ಕೋಲಾದ ಹುಳಿಯೂ ಇದರದೇ! ಅಲ್ಲಿ ಚೂರೇ ಚೂರು. ಕ್ಯಾನಿನಲ್ಲಿ ನೂರಕ್ಕೆ 85 ಪಾಲಿನವರೆಗೂ ಇರುತ್ತದೆ.

ಬಣ್ಣವಿಲ್ಲ, ವಾಸನೆಯಿಲ್ಲ, ಪಾಕದಂತೆ ಮಂದ. ಯಜಮಾನರು ಹೊಲಕ್ಕೆ ಒಯ್ಯಲೆಂದು ನೀರಿನ ಬಾಟಲಿಗೆ ಬಗ್ಗಿಸಿ ಕಟ್ಟೆಯ ಮೇಲಿಟ್ಟರೆ, ಬಾಯಾರಿ ಬಂದ ಕೂಸಿಗೇನು ಗೊತ್ತು? "ಇದೇನ್ ತಂದೀರಿ?" ಎಂದು ಕೇಳಿಯೇಬಿಡಿ, ಜಗಳವಾದರೂ ಚಿಂತೆಯಿಲ್ಲ. ಮೂಲ ಕ್ಯಾನಿನಲ್ಲೇ, ಬೀಗದೊಳಗಿರಲಿ. ಅಲ್ಯುಮಿನಿಯಂ ಪಾತ್ರೆ, ತಗಡಿನ ಬಕೀಟು ಬೇಡ. ಲೋಹವನ್ನು ತಿಂದು, ಹೊತ್ತಿಕೊಳ್ಳುವ ಜಲಜನಕ ಬಿಡುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ವಿಷದ ಕ್ಲೋರಿನ್ ಏಳುತ್ತದೆ. ಬೆರೆಸುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.

ಕಣ್ಣಿಗೆ ಸಿಡಿದರೆ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಧಾರಾಳವಾಗಿ ನೀರು ಸುರಿಯಿರಿ. ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬೇಡಿ. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಕ್ಯಾನಿನ ಚೀಟಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.