ಜಲಶಕ್ತಿಯ ನಾಡಿನಲ್ಲಿ ಉದ್ಯಮಿಗೆ ಎಷ್ಟು ಎಡೆ?

ಪರದೇಶದಲ್ಲಿ ಬಂಡವಾಳ ಹೂಡಬೇಕೆಂದಿರುವ ಉದ್ಯಮಿಯು ಮೊದಲು ವಿಚಾರಿಸುವುದು ಅಲ್ಲಿಯ ಮಾರುಕಟ್ಟೆಯ ವಿಸ್ತಾರವನ್ನು, ಅನಂತರ ಕೂಲಿಯ ದರವನ್ನು, ಕಡೆಗೆ ಬಂದರಿನ ಸಾಮೀಪ್ಯವನ್ನು. ಭೂತಾನದ ಮಟ್ಟಿಗೆ ಈ ಮೂರು ಪ್ರಶ್ನೆಗಳಿಗೂ ದೊರೆಯುವ ಉತ್ತರ ನಿರಾಶಾದಾಯಕವೇ ಸರಿ. ಎಂಟು ಲಕ್ಷವನ್ನು ಮುಟ್ಟದ ಜನಸಂಖ್ಯೆ, ಆ ಅಲ್ಪಸಂಖ್ಯೆಯಲ್ಲಿಯೂ ಆಸ್ಟ್ರೇಲಿಯದತ್ತ ವಲಸೆ ಹೊರಟಿರುವ ವಿದ್ಯಾವಂತ ತರುಣರು, ಸುತ್ತಲೂ ಸಮುದ್ರವೆಂಬುದೇ ಇಲ್ಲದ ಪರ್ವತಭೂಮಿ: ಇಂತಹ ದೇಶದಲ್ಲಿ ಕಾರ್ಖಾನೆಯ ಚಿಮಣಿಗಳು ಎದ್ದು ನಿಂತುದಾದರೂ ಹೇಗೆಂಬುದು ವಿಚಾರಾರ್ಹವಾದ ವಿಷಯ.

ಇದಕ್ಕೆ ಉತ್ತರವಿರುವುದು ಹಿಮಾಲಯದಿಂದ ಧುಮುಕಿ ಬರುವ ನದಿಗಳಲ್ಲಿ. ಭಾರತದ ನೆರವಿನಿಂದ, ಶೇಕಡ 60 ಭಾಗ ಅನುದಾನವೂ 40 ಭಾಗ ಸಾಲವೂ ಆಗಿ ದೊರೆತ ಹಣದಿಂದ, ವಾಂಗ್‌ಛು ನದಿಯ ಮೇಲೆ ನಿರ್ಮಾಣಗೊಂಡ 336 ಮೆಗಾವ್ಯಾಟಿನ ಚುಖಾ ವಿದ್ಯುದಾಗಾರವು 1980ರ ದಶಕದ ಉತ್ತರಾರ್ಧದಲ್ಲಿ ಕಾರ್ಯಾರಂಭ ಮಾಡಿದಂದಿನಿಂದ ಆ ದೇಶದ ಆರ್ಥಿಕ ಜೀವನದ ಗತಿಯೇ ಬದಲಾಯಿತು. ಮುಂದೆ ಅದೇ ನದಿಯ ಮೇಲೆ 1,020 ಮೆಗಾವ್ಯಾಟಿನ ತಾಲಾ ಯೋಜನೆಯೂ, 2019ರಲ್ಲಿ ಬೇರೊಂದು ನದಿಯ ಮೇಲೆ 720 ಮೆಗಾವ್ಯಾಟಿನ ಮಾಂಗ್‌ದೆಛು ಯೋಜನೆಯೂ ಫಲಿಸಿದುವು. ಹೀಗೆ ಹುಟ್ಟಿದ ವಿದ್ಯುತ್ತಿನ ಬಹುಭಾಗವು ತಂತಿಯ ಮೂಲಕ ಭಾರತಕ್ಕೆ ಹರಿಯಿತಾದರೂ, ಒಂದಂಶವು ಗಡಿಪಟ್ಟಣವಾದ ಫುಂಟ್‌ಶೋಲಿಂಗಿಗೆ ಅನತಿದೂರದ ಪಸಾಖಾ ಕೈಗಾರಿಕಾ ವಸಾಹತಿನ ಕುಲುಮೆಗಳನ್ನು ಸೇರಿತು.

ಆ ಕುಲುಮೆಗಳ ಮುಖ್ಯ ಉತ್ಪನ್ನವು ಫೆರೋಸಿಲಿಕಾನ್. ಉಕ್ಕಿನ ತಯಾರಿಕೆಯಲ್ಲಿ ಕರಗಿದ ಲೋಹದೊಳಗಿನ ಆಮ್ಲಜನಕವನ್ನು ನೀಗಿಸಲು ಬಳಸುವ ಈ ಮಿಶ್ರಲೋಹವು ಭದ್ರಾವತಿಯ ಕಾರ್ಖಾನೆಯ ಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಅಪರಿಚಿತವಲ್ಲ. ಬೆಣಚುಕಲ್ಲು, ಇದ್ದಿಲು ಇಲ್ಲವೆ ಕೋಕ್, ಕಬ್ಬಿಣ ಇವನ್ನು ಕೂಡಿಸಿ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಒಂದು ಟನ್ ಫೆರೋಸಿಲಿಕಾನನ್ನು ಪಡೆಯಲು ಸುಮಾರು ಎಂಟು ಒಂಬತ್ತು ಸಾವಿರ ಯೂನಿಟ್ ವಿದ್ಯುತ್ತು ವ್ಯಯವಾಗುವುದರಿಂದ, ಲಾರಿಗಳಲ್ಲಿ ಗಡಿ ದಾಟಿ ಬರುವ ಆ ಬೂದುಬಣ್ಣದ ಗಟ್ಟಿಗಳನ್ನು ಘನೀಭವಿಸಿದ ನದಿಯೆಂದು ಕರೆದರೆ ತಪ್ಪಾಗಲಾರದು.

ಭಾರತದೊಡನೆ ಇರುವ ಬಾಂಧವ್ಯವು ಉದ್ಯಮಿಗೆ ಎರಡನೆಯ ಆಸರೆ. 1972ರಲ್ಲಿ ಮೊದಲು ಸಹಿಯಾಗಿ ಕಾಲಕಾಲಕ್ಕೆ ನವೀಕರಣಗೊಂಡು ಬಂದಿರುವ ವಾಣಿಜ್ಯ ಒಪ್ಪಂದದ ಫಲವಾಗಿ ಉಭಯ ದೇಶಗಳ ನಡುವೆ ಸುಂಕರಹಿತ ವ್ಯಾಪಾರವು ಸಾಧ್ಯವಾಗಿದೆ. ಭೂತಾನದ ನಾಣ್ಯವಾದ ಗುಲ್‌ಟ್ರಮ್ ರೂಪಾಯಿಗೆ ಸಮಾನ ಮೌಲ್ಯದ್ದಾದುದರಿಂದ ಭಾರತೀಯ ವರ್ತಕನಿಗೆ ವಿನಿಮಯ ದರದ ಏರಿಳಿತದ ಭಯವಿಲ್ಲ. ಬಾಂಗ್ಲಾದೇಶದೊಡನೆಯೂ 2020ರಲ್ಲಿ ಆದ್ಯತಾ ಒಪ್ಪಂದವೊಂದು ಏರ್ಪಟ್ಟಿದೆ. ಆದುದರಿಂದ, ಅಲ್ಲಿ ಹಣ ಹೂಡುವವನ ಮಾರುಕಟ್ಟೆಯು ಆ ಎಂಟು ಲಕ್ಷ ಜನರಲ್ಲ, ದಕ್ಷಿಣದ ಬಯಲಿನ ಕೋಟ್ಯಂತರ ಗ್ರಾಹಕರು.

ಆದರೆ ನದಿಯನ್ನು ನೆಚ್ಚಿದ ಉದ್ಯಮಕ್ಕೆ ನದಿಯ ಸ್ವಭಾವವೂ ಅಂಟಿಕೊಳ್ಳುತ್ತದೆ. ಭೂತಾನದ ವಿದ್ಯುದಾಗಾರಗಳು ಬಹುಮಟ್ಟಿಗೆ ದೊಡ್ಡ ಜಲಾಶಯಗಳಿಲ್ಲದೆ, ಹರಿಯುವ ನೀರನ್ನೇ ಅವಲಂಬಿಸಿದವು. ಮಳೆಗಾಲದಲ್ಲಿ ಉಕ್ಕುವ ಹೊಳೆ ಚಳಿಗಾಲದಲ್ಲಿ ಸೊರಗುವುದರಿಂದ, ಮಳೆಯ ದಿನಗಳಲ್ಲಿ ವಿದ್ಯುತ್ತನ್ನು ಮಾರಿದ ದೇಶವೇ ಚಳಿಯ ತಿಂಗಳುಗಳಲ್ಲಿ ಅದನ್ನು ಭಾರತದಿಂದ ಕೊಳ್ಳಬೇಕಾಗಿ ಬಂದಿದೆ. ಹೊಸ ಕುಲುಮೆಗಳು ಹೆಚ್ಚಿದಷ್ಟೂ ಈ ಕೊರತೆ ಹೆಚ್ಚೀತೇ ಹೊರತು ತಗ್ಗಲಾರದು. ಇದಲ್ಲದೆ, ನೆಲದ ಶೇಕಡ 60ರಷ್ಟಾದರೂ ಸದಾಕಾಲ ಅರಣ್ಯವಾಗಿಯೇ ಉಳಿಯತಕ್ಕದ್ದೆಂದು 2008ರ ಸಂವಿಧಾನವು ವಿಧಿಸಿದೆ. ಪರದೇಶೀಯರಿಗೆ ಭೂಮಿಯ ಪರಭಾರೆಯನ್ನೂ ಅದು ನಿರ್ಬಂಧಿಸಿದೆ. ಬೆಟ್ಟಗಳ ನಡುವೆ ಸಮತಟ್ಟಾದ ನೆಲವೇ ದುರ್ಲಭವಾದುದರಿಂದ, ಸಮ್ತ್ಸೆಯ ಧಮ್‌ಧುಮ್, ಸಾರ್ಪಾಂಗಿನ ಜಿಗ್ಮೆಲಿಂಗ್, ಸಮ್ದ್ರುಪ್ ಜೋಂಗ್‌ಖಾರಿನ ಮೊತಾಂಗಾ ಮೊದಲಾದ ಕೈಗಾರಿಕಾ ವಸಾಹತುಗಳು ಬಹುಮಟ್ಟಿಗೆ ದಕ್ಷಿಣದ ಗಡಿಯಂಚಿನಲ್ಲಿಯೇ ತಲೆಯೆತ್ತಿವೆ.

2023ರ ಡಿಸೆಂಬರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ಘಟಿಸಿದುವು: ಭೂತಾನವು ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ಹೊರಬಂದಿತು, ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೆಲ್ ವಾಂಗ್‌ಚುಕರು ಅಸ್ಸಾಮಿನ ಗಡಿಯ ಗೆಲೆಫುವಿನಲ್ಲಿ ನೂತನ ನಗರವೊಂದರ ನಿರ್ಮಾಣವನ್ನು ಘೋಷಿಸಿದರು. ಗೆಲೆಫುವನ್ನು ಕೊಕ್ರಝಾರಿಗೆ ಜೋಡಿಸುವ ರೈಲುಮಾರ್ಗದ ಯೋಜನೆಯೂ ಭಾರತದ ಕಡೆಯಿಂದ ಪ್ರಕಟವಾಗಿದೆ. ಇವೆಲ್ಲ ಕೈಗೂಡಿದ ಪಕ್ಷದಲ್ಲಿ ಸಾಗಾಟದ ವೆಚ್ಚ ತಗ್ಗಿ, ಇಂದು ಅಸಾಧ್ಯವೆನಿಸುವ ಕೈಗಾರಿಕೆಗಳಿಗೂ ಅಲ್ಲಿ ಎಡೆ ದೊರೆತೀತು.

ಆದರೂ ವಿವೇಕಿಯಾದ ಹೂಡಿಕೆದಾರನು ಮತ್ತೊಂದು ಕುಲುಮೆಯನ್ನು ಕಟ್ಟುವ ಮುನ್ನ, ತೂಕ ಕಡಮೆಯೂ ಬೆಲೆ ಅಧಿಕವೂ ಆದ ಪದಾರ್ಥಗಳತ್ತ ದೃಷ್ಟಿ ಹರಿಸುವುದು ಲೇಸು. ಪೂರ್ವಭಾಗದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ ನಿಂಬೆಹುಲ್ಲಿನ ತೈಲ, ದೊಡ್ಡ ಏಲಕ್ಕಿ, ಔಷಧೀಯ ಮೂಲಿಕೆಗಳು, ಹಣ್ಣಿನ ಸಂಸ್ಕರಣ ಇವು ಅಲ್ಪ ವಿದ್ಯುತ್ತನ್ನೂ ಅಲ್ಪ ನೆಲವನ್ನೂ ಬೇಡುವಂತಹವು. ಊರು ಬಿಡಲು ಹವಣಿಸುವ ತರುಣರಿಗೆ ಊರಿನಲ್ಲಿಯೇ ಕೆಲಸ ಕೊಡಬಲ್ಲವು. ಶೀಘ್ರ ಲಾಭವನ್ನು ಬಯಸುವವನಿಗೆ ಭೂತಾನವು ತಕ್ಕ ಕ್ಷೇತ್ರವಲ್ಲ. ಆ ದೇಶವು ತನಗೆ ತಾನೇ ವಿಧಿಸಿಕೊಂಡ ಮಿತಿಗಳನ್ನು ಮನ್ನಿಸಿ, ಅವುಗಳೊಳಗೇ ಲೆಕ್ಕ ಹಾಕಬಲ್ಲ ತಾಳ್ಮೆಯುಳ್ಳವನಿಗೆ ಮಾತ್ರ ಅಲ್ಲಿ ಅವಕಾಶವಿದೆ.