37ರ ಮಗ್ಗಿ ಮತ್ತು ಚೆರ್ನೋಬಿಲ್‌ನ ನಕ್ಷೆ

37, 185, 555, 1480. ಈ ನಾಲ್ಕು ಸಂಖ್ಯೆಗಳಿಗೆ ಪರಸ್ಪರ ಏನು ಸಂಬಂಧ? ಮುಂದೆ ಓದುವ ಮೊದಲು ಮಕ್ಕಳು ಒಂದು ನಿಮಿಷ ಯೋಚಿಸಲಿ. ತಂದೆ ತಾಯಿಯರೂ ಪ್ರಯತ್ನಿಸಬಹುದು.

ಇವು ಲೆಕ್ಕದ ಪುಸ್ತಕದಿಂದ ಎತ್ತಿಕೊಂಡವಲ್ಲ. ಚೆರ್ನೋಬಿಲ್ ದುರಂತವನ್ನು ಕುರಿತ ಅಂತರರಾಷ್ಟ್ರೀಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಖ್ಯೆಗಳು. ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಈ ಅಣು ವಿದ್ಯುತ್ ಸ್ಥಾವರದಲ್ಲಿ 1986ರ ಏಪ್ರಿಲ್ 26ರಂದು 4ನೇ ರಿಯಾಕ್ಟರ್ ಸ್ಫೋಟಿಸಿತು. ಗಾಳಿಯಲ್ಲಿ ಹರಡಿದ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ಮಳೆಯೊಡನೆ ಉಕ್ರೇನ್, ಬೆಲಾರೂಸ್, ರಷ್ಯಾಗಳ ಹೊಲ ಊರುಗಳ ಮೇಲೆ ಇಳಿಯಿತು. ಯಾವ ನೆಲ ಎಷ್ಟು ಕೆಟ್ಟಿದೆ ಎಂದು ತೋರಿಸುವ ನಕ್ಷೆಗಳಲ್ಲಿ ಗಡಿರೇಖೆಗಳಾಗಿ ನಿಂತಿರುವುದು ಈ ಸಂಖ್ಯೆಗಳು: ಚದರ ಮೀಟರಿಗೆ 37, 185, 555, 1480 ಕಿಲೋಬೆಕೆರೆಲ್.

50, 200, 500 ಎಂದು ಸಲೀಸಾದ ಸಂಖ್ಯೆಗಳನ್ನು ಏಕೆ ಆರಿಸಲಿಲ್ಲ? ಆರಿಸಿದ್ದರು, ಆದರೆ ಬೇರೆ ಮೂಲಮಾನದಲ್ಲಿ. ಸೋವಿಯತ್ ಅಧಿಕಾರಿಗಳು ಗೆರೆ ಎಳೆದದ್ದು ಚದರ ಕಿಲೋಮೀಟರಿಗೆ 1, 5, 15, 40 ಕ್ಯೂರಿ ಎಂದು. ಇವನ್ನು 37ರಿಂದ ಗುಣಿಸಿ ನೋಡಿ. ಒಗಟು ಬಿಡಿಸಿದಂತಾಯಿತು!

ವಿಕಿರಣಶೀಲ ವಸ್ತುವಿನಲ್ಲಿ ಪರಮಾಣುಗಳ ನ್ಯೂಕ್ಲಿಯಸ್‌ಗಳು ತಾವಾಗಿಯೇ ಒಡೆಯುತ್ತಿರುತ್ತವೆ. ಸೆಕೆಂಡಿಗೆ ಎಷ್ಟು ಒಡೆಯುತ್ತವೆ ಎಂಬುದೇ ಅದರ ಪಟುತ್ವ. ಇದನ್ನು ಅಳೆಯಲು 1910ರಲ್ಲಿ ವಿಜ್ಞಾನಿಗಳು 1 ಗ್ರಾಂ ರೇಡಿಯಂ ಅನ್ನು ಆಧಾರವಾಗಿಟ್ಟುಕೊಂಡು ಕ್ಯೂರಿ ಎಂಬ ಮೂಲಮಾನವನ್ನು ಬಳಕೆಗೆ ತಂದರು. ಮುಂದೆ ಅದನ್ನು ಸೆಕೆಂಡಿಗೆ 3,700 ಕೋಟಿ ಒಡೆತಗಳು ಎಂದು ನಿಗದಿಪಡಿಸಲಾಯಿತು. 1975ರಲ್ಲಿ ಅಂತರರಾಷ್ಟ್ರೀಯ ಮಾನ ಪದ್ಧತಿಗೆ ಬೆಕೆರೆಲ್ ಸೇರಿತು. ಸೆಕೆಂಡಿಗೆ ಒಂದೇ ಒಂದು ನ್ಯೂಕ್ಲಿಯಸ್ ಒಡೆದರೆ ಅದು 1 ಬೆಕೆರೆಲ್. ಒಂದು ಬೆಟ್ಟದಷ್ಟು ದೊಡ್ಡದು, ಇನ್ನೊಂದು ಸಾಸಿವೆಗಿಂತ ಚಿಕ್ಕದು. ಎರಡರ ನಡುವಿನ ಸೇತುವೆಯೇ 37.

ವಿದ್ಯಾರ್ಥಿಗಳು ಇಷ್ಟನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. 1 ಕ್ಯೂರಿ ಎಂದರೆ 37 ಗಿಗಾಬೆಕೆರೆಲ್. 1 ಮಿಲಿಕ್ಯೂರಿ 37 ಮೆಗಾಬೆಕೆರೆಲ್. 1 ಮೈಕ್ರೋಕ್ಯೂರಿ 37 ಕಿಲೋಬೆಕೆರೆಲ್. 1 ನ್ಯಾನೋಕ್ಯೂರಿ ಬರೀ 37 ಬೆಕೆರೆಲ್. ಎಡಗಡೆ ಒಂದು ಮೆಟ್ಟಿಲು ಇಳಿದರೆ ಬಲಗಡೆಯೂ ಒಂದು ಮೆಟ್ಟಿಲು ಇಳಿಯುತ್ತದೆ.

ಈಗ ನಕ್ಷೆಯ ಲೆಕ್ಕಕ್ಕೆ ಬರೋಣ. ಇಲ್ಲಿ ಕ್ಯೂರಿಯ ಜೊತೆಗೆ ವಿಸ್ತೀರ್ಣವನ್ನೂ ಬದಲಿಸಬೇಕು. ಕಿಲೋಮೀಟರಿಗೆ ಸಾವಿರ ಮೀಟರ್ ಎಂಬ ನೆನಪಿನಲ್ಲಿ ಹಲವರು ಸಾವಿರದಿಂದ ಭಾಗಿಸಿಬಿಡುತ್ತಾರೆ. ಚದರ ಕಿಲೋಮೀಟರಿಗೆ 10 ಲಕ್ಷ ಚದರ ಮೀಟರ್ ಎಂಬುದನ್ನು ಮರೆಯಬಾರದು. 3,700 ಕೋಟಿಯನ್ನು 10 ಲಕ್ಷದಿಂದ ಭಾಗಿಸಿದರೆ ಸರಿಯಾಗಿ 37,000, ಅಂದರೆ 37 ಕಿಲೋಬೆಕೆರೆಲ್. ಮರೆತರೆ ಉತ್ತರ ಸಾವಿರ ಪಟ್ಟು ಹೆಚ್ಚಾಗುತ್ತದೆ.

ಪರೀಕ್ಷೆಯಲ್ಲಾದರೆ ಇದರಿಂದ ಹೋಗುವುದು ಎರಡು ಅಂಕ. ಚೆರ್ನೋಬಿಲ್ ಸುತ್ತಲಿನ ಜನರಿಗೆ ಈ ಗೆರೆಗಳು ಮನೆ ಮಠದ ಪ್ರಶ್ನೆಯಾಗಿದ್ದವು. 1991ರ ಬೆಲಾರೂಸ್ ಕಾನೂನಿನ ಪ್ರಕಾರ 5ರಿಂದ 15 ಕ್ಯೂರಿಯ ನೆಲದಲ್ಲಿದ್ದವರಿಗೆ ಊರು ಬಿಟ್ಟು ಬೇರೆಡೆ ನೆಲೆಸುವ ಹಕ್ಕು ದೊರೆಯಿತು. 15ನ್ನು ಮೀರಿದ ಕಡೆ ಜನರನ್ನು ಸ್ಥಳಾಂತರಿಸಬೇಕೆಂದಾಯಿತು. ಅದೇ ಊರನ್ನು ಒಂದು ವರದಿ 15 ಎನ್ನುತ್ತದೆ, ಇನ್ನೊಂದು 555 ಎನ್ನುತ್ತದೆ, ಮತ್ತೊಂದು 5,55,000 ಎನ್ನುತ್ತದೆ. ಮೂರೂ ಒಂದೇ! ಮೂಲಮಾನ ನೋಡದೆ ಓದಿದವರು ಮೊದಲನೆಯದಕ್ಕೆ ನಿಶ್ಚಿಂತರಾಗುತ್ತಾರೆ, ಕೊನೆಯದಕ್ಕೆ ಗಾಬರಿಯಾಗುತ್ತಾರೆ. ಎರಡೂ ಸಲ್ಲದು.

ಹೋಲಿಕೆಗೆ ನಮ್ಮ ದೇಹವನ್ನೇ ನೋಡಿ. ಆಹಾರದ ಮೂಲಕ ಬರುವ ಪೊಟ್ಯಾಸಿಯಂನಲ್ಲಿ ವಿಕಿರಣಶೀಲ ಪೊಟ್ಯಾಸಿಯಂ-40 ಸ್ವಲ್ಪ ಇದ್ದೇ ಇರುತ್ತದೆ. ವಯಸ್ಕರ ಮೈಯಲ್ಲಿ ಅದರ ಪಟುತ್ವ ಸುಮಾರು 4,000 ಬೆಕೆರೆಲ್. ಹೆದರಿಕೆ ಹುಟ್ಟಿಸುವ ಸಂಖ್ಯೆ! ಕ್ಯೂರಿಯಲ್ಲಿ ಹೇಳಿದರೆ ಒಂದು ಮೈಕ್ರೋಕ್ಯೂರಿಯ ಒಂಬತ್ತನೇ ಒಂದು ಪಾಲು ಮಾತ್ರ.

ಇನ್ನೊಂದು ಎಚ್ಚರಿಕೆ ಬೇಕು. ಪಟುತ್ವವೇ ಅಪಾಯವಲ್ಲ. ಮರದಿಂದ ನಿಮಿಷಕ್ಕೆ ಎಷ್ಟು ಕಾಯಿ ಉದುರಿದವು ಎಂದು ಎಣಿಸಿದರೆ ಸಾಲದು. ಅವು ನೆಲ್ಲಿಕಾಯಿಯೋ ತೆಂಗಿನಕಾಯಿಯೋ, ನಾವು ಮರದಡಿ ನಿಂತಿದ್ದೆವೋ ದೂರವಿದ್ದೆವೋ ಎಂಬುದೂ ಮುಖ್ಯ. ಕ್ಯೂರಿ, ಬೆಕೆರೆಲ್‌ಗಳು ಉದುರಿದ ಕಾಯಿಗಳ ಎಣಿಕೆ. ದೇಹಕ್ಕೆ ತಗುಲಿದ ಪೆಟ್ಟನ್ನು ಹೇಳಲು ಸೀವರ್ಟ್ ಎಂಬ ಬೇರೆ ಮೂಲಮಾನವಿದೆ. ಬೆಕೆರೆಲನ್ನು ಸೀವರ್ಟ್ ಆಗಿಸಲು 37ರ ಮಗ್ಗಿ ಸಾಲದು. ಯಾವ ವಸ್ತು, ಯಾವ ದಾರಿಯಲ್ಲಿ ದೇಹ ಸೇರಿತು ಎಂಬುದೆಲ್ಲ ತಿಳಿಯಬೇಕು.

ಈ ಲೆಕ್ಕ ನಮ್ಮ ಮನೆಬಾಗಿಲಿಗೂ ಬರಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಕೊಡುವಾಗ ನಮ್ಮ ದೇಶದ ವೈದ್ಯರು ಸಾಮಾನ್ಯವಾಗಿ ಮಿಲಿಕ್ಯೂರಿಯಲ್ಲಿ ಬರೆಯುತ್ತಾರೆ. ಯುರೋಪಿನ ಆಸ್ಪತ್ರೆಯ ಕಾಗದದಲ್ಲಿ ಗಿಗಾಬೆಕೆರೆಲ್ ಇರುತ್ತದೆ. ಅಲ್ಲಿಯ 3.7 ಮತ್ತು ಇಲ್ಲಿಯ 100 ಒಂದೇ ಪ್ರಮಾಣ. ಇಲ್ಲಿ ಹೆಚ್ಚು ಕೊಟ್ಟರು ಎಂದು ಕಂಗಾಲಾಗಬೇಕಿಲ್ಲ.

ಕೊನೆಗೆ ಮಕ್ಕಳಿಗೊಂದು ಲೆಕ್ಕ. ಚೆರ್ನೋಬಿಲ್ ದುರಂತದ ನಂತರ 1986ರಲ್ಲಿ ಯುರೋಪಿಯನ್ ಸಮುದಾಯವು ಆಮದಾಗುವ ಹಾಲಿನಲ್ಲಿ ಸೀಸಿಯಂ ಕಿಲೋಗ್ರಾಮಿಗೆ 370 ಬೆಕೆರೆಲ್ ಮೀರಬಾರದು ಎಂದು ವಿಧಿಸಿತು. ಇದು ಎಷ್ಟು ನ್ಯಾನೋಕ್ಯೂರಿ? ಉತ್ತರ ಕಂಡುಕೊಂಡು, ಅದು ಎಂಥ ದುಂಡು ಸಂಖ್ಯೆ ಎಂಬುದನ್ನು ಮನೆಯವರಿಗೆ ತೋರಿಸಿ.