ದವಡೆಯ ಕೀಲು ಮತ್ತು ದಾಖಲೆಯ ಪುಸ್ತಕ

ಕಿವಿಯ ಮುಂದೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ ನೋಡಿರಿ. ಬೆರಳ ಕೆಳಗೆ ಮೂಳೆಯೊಂದು ಜಾರಿ ಹಿಂದಿರುಗುವುದು ತಿಳಿಯುತ್ತದೆ. ಅದೇ ದವಡೆಯ ಕೀಲು. ಉಣ್ಣುವಾಗ, ಮಾತಾಡುವಾಗ, ಆಕಳಿಸುವಾಗ ಅದಕ್ಕೆ ಬಿಡುವೇ ಇಲ್ಲ. ದವಡೆಗೂ ತಲೆಬುರುಡೆಗೂ ನಡುವೆ ಮೆತ್ತನೆಯ ಬಿಲ್ಲೆಯೊಂದುಂಟು. ಅದು ಹರಿದರೆ ಅಥವಾ ಸ್ಥಾನ ತಪ್ಪಿದರೆ ಕೆಲವರಿಗೆ ತುತ್ತು ಅಗಿಯುವುದೂ ಹಿಂಸೆಯಾಗುತ್ತದೆ.

ಆ ಬಿಲ್ಲೆಯನ್ನು ತೆಗೆದು ಕೃತಕ ತುಣುಕನ್ನು, ಅಂದರೆ ಇಂಪ್ಲಾಂಟನ್ನು ಇಡುವ ಚಿಕಿತ್ಸೆ ಅಮೆರಿಕದಲ್ಲಿ ಬಳಕೆಗೆ ಬಂತು. ಹ್ಯೂಸ್ಟನ್ ನಗರದ ವೈಟೆಕ್ ಕಂಪನಿಯು ಪ್ರೊಪ್ಲಾಸ್ಟ್-ಟೆಫ್ಲಾನಿನಿಂದ ಇಂಥ ತುಣುಕನ್ನು ಮಾಡಿತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 1983ರಲ್ಲಿ ಅದರ ಮಾರಾಟಕ್ಕೆ ಒಪ್ಪಿತು. ರೋಗಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ಒಪ್ಪಿದ್ದಲ್ಲ. ಮೊದಲೇ ಮಾರುಕಟ್ಟೆಯಲ್ಲಿದ್ದ ವಸ್ತುಗಳನ್ನು ಹೋಲುತ್ತದೆಂದು ಒಪ್ಪಿದ್ದು.

ಟೆಫ್ಲಾನ್ ನುಣುಪಾದ ವಸ್ತು, ನಿಜ. ಆದರೆ ಅಗಿಯುವ ಭಾರವನ್ನು ಅದು ತಾಳಲಿಲ್ಲ. ಸವೆದು ಸಣ್ಣ ಸಣ್ಣ ಚೂರಾಯಿತು. ಹೊರಗಿನ ಚೂರು ಕಂಡರೆ ಶರೀರ ಸುಮ್ಮನಿರದು. ಅದನ್ನು ನುಂಗಲು ದೊಡ್ಡ ಜೀವಕೋಶಗಳು ಬಂದು ಮುತ್ತುತ್ತವೆ. ಟೆಫ್ಲಾನ್ ಕರಗಲಿಲ್ಲ, ಪಕ್ಕದ ಮೂಳೆ ಕರಗಿತು. ಕೆಲವರಲ್ಲಿ ತಲೆಬುರುಡೆಯ ಮೂಳೆಯೇ ತೂತಾಯಿತು. ಇನ್ನೂ ಭಯಂಕರವಾದ ಮಾತೆಂದರೆ, ನೋವೇ ಇಲ್ಲದವರಲ್ಲಿಯೂ ಒಳಗೆ ಮೂಳೆ ಸವೆಯುತ್ತಿರಬಹುದಾಗಿತ್ತು. ಅಂಥವರನ್ನು ಕರೆಸಿ ಚಿತ್ರ ತೆಗೆಸದ ಹೊರತು ಗೊತ್ತಾಗುವಂತಿರಲಿಲ್ಲ.

1990ರ ಡಿಸೆಂಬರಿನಲ್ಲಿ ಸರ್ಕಾರ ಎಚ್ಚರಿಕೆ ಹೊರಡಿಸಿತು. 1991ರ ಜನವರಿಯಲ್ಲಿ ತುಣುಕುಗಳನ್ನು ಹಿಂದಕ್ಕೆ ಪಡೆಯಲಾಯಿತು. ಅಷ್ಟರೊಳಗೆ ಕಂಪನಿ ದಿವಾಳಿಯಾಗಿತ್ತು. ಅಂಗಡಿಯ ಮಾಲನ್ನೇನೋ ಹಿಂದಕ್ಕೆ ತರಬಹುದು. ಸಾವಿರಾರು ಜನರ ದವಡೆಯೊಳಗೆ ಸೇರಿದ್ದನ್ನು ತರುವುದು ಹೇಗೆ? ಅವರೆಲ್ಲ ಯಾರು, ಯಾವ ಊರಿನಲ್ಲಿದ್ದಾರೆ? ರೋಗಿಗಳನ್ನು ಹುಡುಕಿ ತಿಳಿಸಿರೆಂದು ಶಸ್ತ್ರವೈದ್ಯರನ್ನೇ ಕೇಳಿಕೊಳ್ಳಬೇಕಾಯಿತು.

ನಮ್ಮ ಗಿರಣಿಯಿಂದ ಬಟ್ಟೆಯ ಒಂದು ಬೇಲು ಹೊರಬಿದ್ದರೂ ಅದರ ಲಾಟ್ ನಂಬರು, ಹೋದ ಊರು, ಪಡೆದವನ ಹೆಸರು ಪುಸ್ತಕದಲ್ಲಿರುತ್ತವೆ. ಬಣ್ಣ ಬಿಟ್ಟಿತೆಂದು ಕಾಗದ ಬಂದರೆ ಆ ಲಾಟಿನ ಉಳಿದ ಬೇಲುಗಳನ್ನು ಹುಡುಕಿ ತಡೆಯುತ್ತೇವೆ. ಬಟ್ಟೆಗೆ ಇಷ್ಟು ಲೆಕ್ಕವಿರುವಾಗ ಮನುಷ್ಯನ ಮೂಳೆಗೆ ಬೇಡವೇ?

ಅಮೆರಿಕದಲ್ಲಿ ಈ ಲೆಕ್ಕ ಕಾಯಿದೆಯಾಗಿ ಬಂತು. 1990ರ ಶಾಸನದಂತೆ, 1993ರಿಂದ ದವಡೆಯ ಕೀಲೂ ಸೇರಿದಂತೆ ಕೆಲವು ಇಂಪ್ಲಾಂಟುಗಳ ಜಾಡನ್ನು ರೋಗಿಯವರೆಗೂ ಇಡುವುದು ತಯಾರಕರ ಹೊಣೆಯಾಯಿತು. 2011ರಲ್ಲಿ ದವಡೆ ಕೀಲಿನ ಮೂರು ತಯಾರಕರಿಗೆ, ಕೀಲುಗಳು ಎಷ್ಟು ಕಾಲ ಬಾಳುತ್ತವೆ, ಯಾವ ಕಾರಣಕ್ಕೆ ತೆಗೆಯಬೇಕಾಗುತ್ತದೆ ಎಂದು ಅಧ್ಯಯನ ಮಾಡಲು ಆಜ್ಞೆಯಾಯಿತು. ನಮ್ಮ ದೇಶದಲ್ಲಿಯೂ 2015ರಲ್ಲಿ ವೈದ್ಯಕೀಯ ಸಾಧನಗಳ ತೊಂದರೆಗಳನ್ನು ದಾಖಲಿಸುವ ಯೋಜನೆ ಆರಂಭವಾಗಿದೆ. ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ.

ಆದರೆ ಊರು ಬಿಟ್ಟು ಊರಿಗೆ ಬಂದ ನಮ್ಮಂಥವರು ಕೋಣೆ ಬದಲಿಸುತ್ತೇವೆ, ಕೆಲಸ ಬದಲಿಸುತ್ತೇವೆ. ಆಸ್ಪತ್ರೆಯ ಪುಸ್ತಕದಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ. ಆದುದರಿಂದ ದವಡೆಗಾಗಲಿ, ಮೊಣಕಾಲಿಗಾಗಲಿ, ಹೃದಯಕ್ಕಾಗಲಿ ಏನನ್ನಾದರೂ ಇಟ್ಟಾಗ ತಯಾರಕರ ಹೆಸರು, ಲಾಟ್ ನಂಬರು, ತಾರೀಖು ಇರುವ ಚೀಟಿಯನ್ನು ಕೇಳಿ ಪಡೆಯಿರಿ. ರೇಷನ್ ಕಾರ್ಡಿನ ಜೊತೆಗೆ ಜೋಪಾನವಾಗಿಡಿರಿ. ವಿಳಾಸ ಬದಲಾದರೆ ಆಸ್ಪತ್ರೆಗೆ ತಿಳಿಸಿರಿ. ನೋವಿಲ್ಲವೆಂದು ತಪಾಸಣೆಯನ್ನು ತಪ್ಪಿಸಬೇಡಿರಿ. ಎಚ್ಚರಿಕೆ ಹೊರಟರೆ ಅದು ನಿಮ್ಮ ಬಾಗಿಲಿಗೆ ಬಂದು ಮುಟ್ಟಬೇಕಲ್ಲವೇ?